ಕಾನೂನು ಪಾಠಕ್ಕೇ ಬದುಕು ಕೊಟ್ಟ ಮಾಸ್ತರರು

ಆಳಂದ ತಾಲ್ಲೂಕಿನ ಮಟಕಿಯಂಥ ಊರಲ್ಲಿ ಕಾನೂನು ಎಂದರೆ ಪಹಣಿ, ಹೊಲದ ಬದುವಿನ ತಕರಾರು, ಕೋರ್ಟಿನ ತಾರೀಖು. ವಕೀಲರು ಯಾರೆಂದು ಎಲ್ಲರಿಗೂ ಗೊತ್ತು. ಆ ವಕೀಲರಿಗೆ ಕಲಿಸಿದವರ ಹೆಸರು ಕೇಳಿದರೆ ಹೇಳುವವರು ಕಡಿಮೆ. ಅದರಲ್ಲಿ ಅಚ್ಚರಿಯೇನಿಲ್ಲ. ಎಷ್ಟೋ ಲಾ ಕಾಲೇಜುಗಳು ಬೆಳಿಗ್ಗೆಯೋ ಸಂಜೆಯೋ ನಡೆಯುತ್ತಿದ್ದವು. ಪಾಠ ಹೇಳುತ್ತಿದ್ದವರು ಕೋರ್ಟಿನ ಕೆಲಸದ ನಡುವೆ ಬಿಡುವು ಮಾಡಿಕೊಂಡು ಬರುವ ವಕೀಲರು. ಮಾಸ್ತರಿಕೆ ಅವರಿಗೆ ಉಪಕಸುಬು.

ಈ ರೂಢಿಯನ್ನು ಮುರಿದವರು ಎನ್.ಆರ್. ಮಾಧವ ಮೆನನ್. 1935ರಲ್ಲಿ ತಿರುವನಂತಪುರದಲ್ಲಿ ಹುಟ್ಟಿದ ಅವರು ಮೊದಲು ಓದಿದ್ದು ಪ್ರಾಣಿಶಾಸ್ತ್ರ. ಆಮೇಲೆ ಕಾನೂನು ಓದಿ ಕೇರಳದಲ್ಲಿ ವಕೀಲರಾದರು. ಆದರೆ ಕರಿಕೋಟು ಅವರನ್ನು ಹಿಡಿದಿಡಲಿಲ್ಲ. ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪಡೆದು, ಅಲ್ಲಿಯೂ ದೆಹಲಿ ವಿಶ್ವವಿದ್ಯಾಲಯದಲ್ಲಿಯೂ ಪಾಠ ಮಾಡಿದರು. ಬಡವರಿಗೆ ಉಚಿತ ಕಾನೂನು ನೆರವು ಕೊಡುವುದನ್ನು ವಿದ್ಯಾರ್ಥಿಗಳ ಓದಿನ ಭಾಗವಾಗಿಯೇ ಮಾಡಬೇಕೆಂಬುದು ಅವರ ಹಟ.

ಆ ಹಟಕ್ಕೆ ನೆಲ ಸಿಕ್ಕಿದ್ದು ಕರ್ನಾಟಕದಲ್ಲಿ. ಭಾರತೀಯ ವಕೀಲರ ಪರಿಷತ್ತು ಒಂದು ಮಾದರಿ ಕಾನೂನು ಶಾಲೆಯ ಕನಸು ಕಂಡಿತ್ತು. ರಾಜ್ಯ ಶಾಸನಸಭೆ 1986ರಲ್ಲಿ ಅದಕ್ಕೆ ಕಾಯ್ದೆ ಮಾಡಿಕೊಟ್ಟಿತು. ಹೀಗೆ ಹುಟ್ಟಿದ ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಗೆ ಮೆನನ್ ಮೊದಲ ನಿರ್ದೇಶಕರು. ಮೊದಲ ತಂಡ ತರಗತಿಗೆ ಕೂತಿದ್ದು 1988ರಲ್ಲಿ, ಸೆಂಟ್ರಲ್ ಕಾಲೇಜಿನ ಆವರಣದಲ್ಲಿ. ನಾಗರಬಾವಿಯ ಸ್ವಂತ ಜಾಗ ಆಮೇಲಿನದು.

ಪಿಯುಸಿ ಮುಗಿದ ಕೂಡಲೇ ಐದು ವರ್ಷದ ಓದು, ಹಾಸ್ಟೆಲಿನಲ್ಲೇ ವಾಸ, ವರ್ಷಕ್ಕೆ ಮೂರು ಅವಧಿ. ಕಾನೂನಿನ ಜೊತೆಗೇ ಇತಿಹಾಸ, ಸಮಾಜಶಾಸ್ತ್ರ, ಅರ್ಥಶಾಸ್ತ್ರ. ತೀರ್ಪುಗಳನ್ನು ಮೊದಲೇ ಓದಿಕೊಂಡು ಬಂದು ತರಗತಿಯಲ್ಲಿ ವಾದಿಸಬೇಕು. ಅಣಕು ನ್ಯಾಯಾಲಯದಲ್ಲಿ ನಿಂತು ಮಾತಾಡಬೇಕು. ಒಂದೇ ತರಗತಿಗೆ ಇಬ್ಬರು ಅಧ್ಯಾಪಕರು ಬರುವುದೂ ಇತ್ತು! ನೋಟ್ಸ್ ಬರೆಸಿ ಕೈತೊಳೆದುಕೊಳ್ಳುವ ಅಧ್ಯಾಪಕನಿಗೆ ಅಲ್ಲಿ ಜಾಗವಿರಲಿಲ್ಲ. ನನ್ನ ಮಟ್ಟಿಗೆ ಅವರ ದೊಡ್ಡ ಕೆಲಸ ಕಟ್ಟಡವೂ ಅಲ್ಲ, ಪಠ್ಯಕ್ರಮವೂ ಅಲ್ಲ. ಕಾನೂನು ಕಲಿಸುವುದು ಇಡೀ ಹೊತ್ತಿನ, ಮರ್ಯಾದೆಯ ಕೆಲಸ ಎಂದು ತೋರಿಸಿದ್ದು.

ಹನ್ನೆರಡು ವರ್ಷದ ಬಳಿಕ ಬೆಂಗಳೂರು ಬಿಟ್ಟರು. ಕೋಲ್ಕತ್ತದಲ್ಲಿ ಇನ್ನೊಂದು ಕಾನೂನು ವಿಶ್ವವಿದ್ಯಾಲಯ ಕಟ್ಟಿ, ಭೋಪಾಲದ ರಾಷ್ಟ್ರೀಯ ನ್ಯಾಯಾಂಗ ಅಕಾಡೆಮಿಯಲ್ಲಿ ನ್ಯಾಯಾಧೀಶರ ತರಬೇತಿಯ ಹೊಣೆ ಹೊತ್ತರು. 2003ರಲ್ಲಿ ಪದ್ಮಶ್ರೀ ಬಂತು. 2019ರ ಮೇ 8ರಂದು ತೀರಿಕೊಂಡರು. ಮರುವರ್ಷ ಮರಣೋತ್ತರವಾಗಿ ಪದ್ಮಭೂಷಣ.

ಒಂದು ಕೊರತೆ ಉಳಿದಿದೆ. ಈ ಶಾಲೆಗಳ ಪ್ರವೇಶ ಪರೀಕ್ಷೆ ಕ್ಲಾಟ್ ನಡೆಯುವುದು ಇಂಗ್ಲಿಷಿನಲ್ಲಿ ಮಾತ್ರ. ಕನ್ನಡ ಶಾಲೆಯಲ್ಲಿ ಕಲಿತ ಜಾಣರಿಗೆ ಇದು ಅನ್ಯಾಯವೇ ಸರಿ. ಆದರೂ ಬೆಂಗಳೂರಿನ ಶಾಲೆಯಲ್ಲಿ ಈಗ ಶೇ 25ರಷ್ಟು ಸೀಟು ಕರ್ನಾಟಕದಲ್ಲಿ ಕನಿಷ್ಠ 10 ವರ್ಷ ಓದಿದವರಿಗೆ ಮೀಸಲು. ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಪಿಯು ಉಪನ್ಯಾಸಕರು ಈ ಸಂಗತಿಯನ್ನು ತಮ್ಮ ಮಕ್ಕಳಿಗೆ ಮೊದಲ ವರ್ಷದಲ್ಲೇ ತಿಳಿಸಲಿ. ಇಂಗ್ಲಿಷಿಗೆ ತಯಾರಾಗಲು ಒಂದು ವರ್ಷವಾದರೂ ಬೇಕಲ್ಲ.