ಪ್ರಳಯದ ನಂತರದ ಐದು ಸಿನಿಮಾ: ನನ್ನ ಅಂಕಪಟ್ಟಿ

ಪ್ರಳಯ ಬಂದಾಗ ಮನು ತನ್ನ ದೋಣಿಯಲ್ಲಿ ಸಪ್ತರ್ಷಿಗಳನ್ನೂ ಬಗೆಬಗೆಯ ಬೀಜಗಳನ್ನೂ ಇಟ್ಟುಕೊಂಡು ಹೊರಟ ಕಥೆ ಹಿರಿಯರಿಗೆ ಗೊತ್ತು. ಎಲ್ಲ ಹಾಳಾದ ಮೇಲೆ ಉಳಿದವರು ಹೇಗೆ ಬದುಕುತ್ತಾರೆ? ಇದೇ ಪ್ರಶ್ನೆಯನ್ನು ಆಸ್ಟ್ರೇಲಿಯಾದ ನಿರ್ದೇಶಕ ಜಾರ್ಜ್ ಮಿಲ್ಲರ್ ಐದು ಸಿನಿಮಾಗಳಲ್ಲಿ ಕೇಳಿದ್ದಾರೆ. ಅದೇ ‘ಮ್ಯಾಡ್ ಮ್ಯಾಕ್ಸ್’ ಸರಣಿ. ಪೆಟ್ರೋಲಿಗೂ ನೀರಿಗೂ ಜನ ಬಡಿದಾಡುವ ಮರಳುಗಾಡಿನಲ್ಲಿ ಮ್ಯಾಕ್ಸ್ ಎಂಬ ಮಾಜಿ ಪೊಲೀಸನೊಬ್ಬ ಅಲೆಯುವ ಕಥೆ.

ಎಪ್ಪತ್ತು ದಾಟಿದ ಬ್ಯಾಂಕ್ ಗುಮಾಸ್ತನಿಗೆ ಈ ಹುಚ್ಚು ಯಾಕೆ ಎಂದು ಮನೆಯಲ್ಲಿ ನಗುತ್ತಾರೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ನಾಲ್ಕೂ ಕಡೆಯ ಶಾಖೆಗಳಲ್ಲಿ ನಾನು ದುಡಿದಿದ್ದೇನೆ. ಗಂಗಾವತಿಯಲ್ಲಿ ತುಂಗಭದ್ರಾ ಎಡದಂಡೆ ಕಾಲುವೆ, ಕಣ್ಣು ಹಾಯಿಸಿದಷ್ಟೂ ಭತ್ತದ ಗದ್ದೆ. ಕುಷ್ಟಗಿ, ಯಲಬುರ್ಗಾದಲ್ಲಿ ಮುಗಿಲು ನೋಡುವ ರೈತ. ಮಳೆ ಕೈಕೊಟ್ಟ ವರ್ಷ ಕೌಂಟರಿನ ಮುಂದೆ ನಿಂತವರ ಮುಖ ನೋಡಿದರೆ ಸಾಕು, ಆ ಊರಿನ ನೀರಿನ ಲೆಕ್ಕ ತಿಳಿಯುತ್ತಿತ್ತು. ಈ ಸಿನಿಮಾಗಳಲ್ಲೂ ನನಗೆ ಅದೇ ಲೆಕ್ಕ ಕಾಣುತ್ತದೆ.

ಹಾಗಾಗಿ ನನ್ನ ಪಟ್ಟಿಯಲ್ಲಿ ಹೊಡೆದಾಟಕ್ಕೆ, ಗಾಡಿಗಳ ಓಟಕ್ಕೆ ಅಂಕವಿಲ್ಲ. ದಿನದ ಕೊನೆಗೆ ತಿಜೋರಿಯಲ್ಲಿ ಉಳಿದದ್ದನ್ನು ನಾವು ಆಖೈರು ಶಿಲ್ಕು ಎನ್ನುತ್ತಿದ್ದೆವು. ಸಿನಿಮಾ ಮುಗಿದಾಗ ಉಳಿದ ಜನರಿಗೆ ಏನು ಉಳಿಯಿತು ಎಂಬುದಕ್ಕಷ್ಟೇ ನನ್ನ ಅಂಕ. ಮಕ್ಕಳೇ, ಇವುಗಳಲ್ಲಿ ರಕ್ತಪಾತ ಬಹಳ. ನೀವು ದೊಡ್ಡವರಾಗುವ ತನಕ ನೋಡಬೇಡಿ. ಕಥೆಯನ್ನು ನಾನೇ ಹೇಳುತ್ತೇನೆ.

“ಅಜ್ಜಾ, ಮೊದಲನೇ ನಂಬರು ಯಾವುದು, ಅದನ್ನ ಮೊದಲು ಹೇಳು” ಎಂದಳು ಮೊಮ್ಮಗಳು. “ತಡಿಯವ್ವಾ, ಕೆಳಗಿನಿಂದ ಬರೋಣ” ಎಂದೆ.

ಐದನೆಯ ಸ್ಥಾನ: ‘ಮ್ಯಾಡ್ ಮ್ಯಾಕ್ಸ್’ (1979). ಮಿಲ್ಲರ್ ಮೊದಲು ವೈದ್ಯರು. ರಸ್ತೆ ಅಪಘಾತದಲ್ಲಿ ಗಾಯಗೊಂಡವರನ್ನು ಆಸ್ಪತ್ರೆಯಲ್ಲಿ ಕಂಡವರು. 1973ರ ತೈಲ ಬಿಕ್ಕಟ್ಟಿನಲ್ಲಿ ಜನ ಪೆಟ್ರೋಲಿಗಾಗಿ ಜಗಳಾಡಿದ್ದೂ ಈ ಕಥೆಗೆ ಬೀಜವಾಯಿತು. ಇಲ್ಲಿ ಲೋಕ ಪೂರ್ತಿ ಹಾಳಾಗಿಲ್ಲ, ಹಾಳಾಗುತ್ತಿದೆ. ಮ್ಯಾಕ್ಸ್ ಹೆಂಡತಿ ಮಗುವನ್ನು ಕಳೆದುಕೊಂಡು ಸೇಡು ತೀರಿಸಿಕೊಳ್ಳುತ್ತಾನೆ. ಪುಟ್ಟ ಬಂಡವಾಳದಲ್ಲಿ ತೆಗೆದು ಲೋಕವನ್ನೇ ಗೆದ್ದ ಚಿತ್ರ. ಆದರೆ ಕೊನೆಗೆ ಉಳಿಯುವುದು ಒಬ್ಬಂಟಿ ಮನುಷ್ಯ, ಒಂದು ಕಾರು. ಶಿಲ್ಕು ಸೊನ್ನೆ.

ನಾಲ್ಕನೆಯದು: ‘ಫ್ಯೂರಿಯೋಸಾ’ (2024). ಹಸಿರು ನಾಡಿನಿಂದ ಅಪಹರಣವಾದ ಹುಡುಗಿಯ ಕಥೆ. ತವರಿನ ಪೀಚ್ ಹಣ್ಣಿನ ಬೀಜವೊಂದನ್ನು ಅವಳು ವರ್ಷಗಟ್ಟಲೆ ಜೋಪಾನ ಮಾಡುತ್ತಾಳೆ. ಕೊನೆಗೆ ಅದು ಗಿಡವಾಗಿ ಹಣ್ಣು ಬಿಡುತ್ತದೆ. ಉಳಿದದ್ದೆಲ್ಲ ಸೇಡಿನ ದಾರಿ. ಬೀಜಕ್ಕಾಗಿಯೇ ಒಂದು ಮೆಟ್ಟಿಲು ಮೇಲೆ.

ಮೂರನೆಯದು: ‘ಮ್ಯಾಡ್ ಮ್ಯಾಕ್ಸ್ 2’ (1981). ಮರಳುಗಾಡಿನ ನಡುವೆ ತೈಲ ಶುದ್ಧೀಕರಿಸುವ ಪುಟ್ಟ ಊರು. ಸುತ್ತ ದರೋಡೆಕೋರರು. ಮ್ಯಾಕ್ಸ್ ಪ್ರಾಣ ಒತ್ತೆಯಿಟ್ಟು ಟ್ಯಾಂಕರ್ ಓಡಿಸುತ್ತಾನೆ, ಶತ್ರುಗಳೆಲ್ಲ ಅದರ ಬೆನ್ನು ಹತ್ತುತ್ತಾರೆ. ಟ್ಯಾಂಕರ್ ಮಗುಚಿದಾಗ ಸುರಿಯುವುದು ಬರೀ ಮರಳು! ನಿಜವಾದ ತೈಲ ಬೇರೆ ದಾರಿಯಲ್ಲಿ ಜನರ ಜೊತೆ ಹೋಗಿರುತ್ತದೆ. ಜನ ಉಳಿದರು. ಈ ಕಥೆ ಹೇಳುವವನು ಅಲ್ಲಿದ್ದ ಪುಟ್ಟ ಹುಡುಗ, ಮುದುಕನಾದ ಮೇಲೆ.

ಎರಡನೆಯದು: ‘ಬಿಯಾಂಡ್ ಥಂಡರ್‌ಡೋಮ್’ (1985). ಬಹಳಷ್ಟು ಅಭಿಮಾನಿಗಳು ಇದನ್ನು ತಳಕ್ಕೆ ತಳ್ಳುತ್ತಾರೆ. ನಾನು ಒಪ್ಪುವುದಿಲ್ಲ. ಇಲ್ಲಿ ಹಂದಿಗಳ ಸಗಣಿಯಿಂದ ಅನಿಲ ತೆಗೆದು ಇಡೀ ಪೇಟೆಗೆ ದೀಪ ಉರಿಸುತ್ತಾರೆ, ನಮ್ಮ ಗೋಬರ್ ಗ್ಯಾಸಿನ ತಮ್ಮನೇ ಸರಿ. ದೊಡ್ಡವರಿಲ್ಲದೆ ತಾವೇ ಬೆಳೆದ ಮಕ್ಕಳ ಗುಂಪೊಂದು ಇದೆ. ಕೊನೆಯಲ್ಲಿ ಅವರು ಪಾಳುಬಿದ್ದ ಸಿಡ್ನಿ ನಗರ ಸೇರುತ್ತಾರೆ. ದಾರಿ ತಪ್ಪಿದವರಿಗೆ ಕಾಣಲೆಂದು ಅಲ್ಲಿ ದೀಪ ಹಚ್ಚಿಡುತ್ತಾರೆ, ದಿನಾ ರಾತ್ರಿ ಕೂತು ತಮ್ಮ ಕಥೆ ಹೇಳಿಕೊಳ್ಳುತ್ತಾರೆ. ಕಥೆ ಉಳಿದರೆ ಊರು ಉಳಿದಂತೆ. ಮೊಮ್ಮಕ್ಕಳಿಗೆ ಕಥೆ ಹೇಳುವ ಅಜ್ಜ ಅಜ್ಜಿಯರು ಈ ಸ್ಥಾನಕ್ಕೆ ತಕರಾರು ಮಾಡಲಿಕ್ಕಿಲ್ಲ.

ಮೊದಲನೆಯದು: ‘ಫ್ಯೂರಿ ರೋಡ್’ (2015). ಆಸ್ಟ್ರೇಲಿಯಾದ ಬ್ರೋಕನ್ ಹಿಲ್‌ನಲ್ಲಿ ಚಿತ್ರೀಕರಿಸಬೇಕೆಂದಿದ್ದರು. ಅಲ್ಲಿ ಜೋರು ಮಳೆಯಾಗಿ ಮರುಭೂಮಿಯೇ ಹೂವು ಬಿಟ್ಟಿತು! ಹಾಳು ನೆಲ ಹುಡುಕಿಕೊಂಡು ತಂಡ ಆಫ್ರಿಕದ ನಮೀಬಿಯಾಕ್ಕೆ ಹೋಯಿತು. ಚಿತ್ರಕ್ಕೆ 6 ಆಸ್ಕರ್ ಬಂದವು.

ಕಥೆಯಲ್ಲಿ ಒಬ್ಬ ದೊರೆ ನೆಲದಾಳದ ನೀರನ್ನೆಲ್ಲ ತನ್ನ ಕೋಟೆಯಲ್ಲಿ ಹಿಡಿದಿಟ್ಟುಕೊಂಡಿದ್ದಾನೆ. ಮನಸ್ಸು ಬಂದಾಗ ತೂಬು ತೆರೆದು ಕ್ಷಣಹೊತ್ತು ಸುರಿಸುತ್ತಾನೆ. ಕೆಳಗೆ ಜನ ಕೊಡ, ಬೋಗುಣಿ ಹಿಡಿದು ನುಗ್ಗುತ್ತಾರೆ. ಫ್ಯೂರಿಯೋಸಾ ಕೆಲವು ಹೆಣ್ಣುಮಕ್ಕಳನ್ನು ಅಲ್ಲಿಂದ ಬಿಡಿಸಿಕೊಂಡು ತನ್ನ ಹಸಿರು ನಾಡಿಗೆ ಓಡುತ್ತಾಳೆ. ದಾರಿಯಲ್ಲಿ ಸಿಗುವವರು ಬೈಕಿನ ಮೇಲೆ ಬರುವ ಅಜ್ಜಿಯಂದಿರು. ಅವರಲ್ಲೊಬ್ಬಳ ಚೀಲದ ತುಂಬ ಬೀಜ. ಆದರೆ ಹಸಿರು ನಾಡು ವಿಷದ ಕೆಸರಾಗಿ ಹೋಗಿದೆ. ಮುಂದೆ ಬರೀ ಉಪ್ಪಿನ ಬಯಲು. ಆಗ ಮ್ಯಾಕ್ಸ್ ಹೇಳುವುದು ಒಂದೇ ಮಾತು: ತಿರುಗಿ ಹೋಗೋಣ, ನೀರಿರುವುದು ನಾವು ಬಿಟ್ಟುಬಂದ ಜಾಗದಲ್ಲೇ. ಅವರು ತಿರುಗುತ್ತಾರೆ. ಅಜ್ಜಿ ಸಾಯುತ್ತಾಳೆ, ಬೀಜದ ಚೀಲ ಒಬ್ಬ ಹುಡುಗಿಯ ಕೈಗೆ ಬರುತ್ತದೆ. ಕೊನೆಗೆ ತೂಬು ಎಲ್ಲರಿಗಾಗಿ ತೆರೆಯುತ್ತದೆ. ನೀರು, ಬೀಜ, ಜನ, ಮೂರೂ ಜಮೆ. ನೂರಕ್ಕೆ ನೂರು.

ನಮಗೂ ಇಂಥ ಒಂದು ರಾತ್ರಿ ಬಂದಿತ್ತು. 2024ರ ಆಗಸ್ಟ್ 10ರಂದು ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದರ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ತುಂಬಿದ್ದ ನೀರು ಹಗಲು ರಾತ್ರಿ ನದಿಗೆ ಹರಿಯುತ್ತಿತ್ತು. ಗದ್ದೆಯಲ್ಲಿ ನಾಟಿ ಮಾಡಿದವರಿಗೆ ಊಟ ಸೇರಲಿಲ್ಲ. ಹಿರಿಯ ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹರಿಯುವ ನೀರಿನಲ್ಲೇ ಕಬ್ಬಿಣದ ತಡೆಗಳನ್ನು ಒಂದರ ಮೇಲೊಂದು ಇಳಿಸಿ, ವಾರದೊಳಗೆ ಬಾಯಿ ಮುಚ್ಚಿದರು. ಅಲ್ಲಿ ಜೀವದ ಹಂಗು ತೊರೆದು ದುಡಿದ ಕೆಲಸಗಾರರೇ ನನ್ನ ಕಣ್ಣಿಗೆ ನಿಜವಾದ ಮ್ಯಾಕ್ಸ್‌ಗಳು. ಅದಕ್ಕೂ ಮೊದಲು, 2019ರಲ್ಲಿ, ಕೊಪ್ಪಳದ ಗವಿಮಠದ ಸ್ವಾಮೀಜಿ ಮುಂದೆ ನಿಂತು, ಜನರನ್ನು ಕೂಡಿಸಿ ಹಿರೇಹಳ್ಳದ ಹೂಳು, ಕಸ ತೆಗೆಸಿದರು. ಅದೂ ಬಿಟ್ಟುಬಂದ ನೀರಿಗೆ ತಿರುಗಿ ಹೋದ ಕೆಲಸವೇ.

ಮಕ್ಕಳೇ, ನಿಮಗೊಂದು ಕೆಲಸ. ನಿಮ್ಮ ಅಜ್ಜ ಅಜ್ಜಿ ಚಿಕ್ಕವರಿದ್ದಾಗ ಕುಡಿಯುವ ನೀರು ಎಲ್ಲಿಂದ ತರುತ್ತಿದ್ದರು ಎಂದು ಕೇಳಿ. ಬಾವಿಯೋ, ಕೆರೆಯೋ, ಹಳ್ಳದ ಒರತೆಯೋ, ಅವರ ಕೈ ಹಿಡಿದು ಅಲ್ಲಿಗೆ ಹೋಗಿ, ಈಗ ಅದು ಹೇಗಿದೆ ನೋಡಿ ಬನ್ನಿ.