ರಷ್ಯನರು ಇಂಗ್ಲಿಷ್ ಕಲಿಯುವ ಬಗೆ

“ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಇಂಗ್ಲಿಷ್ ಬಾರದು” ಎಂಬ ಮಾತು ನಮ್ಮ ಗಡಿನಾಡಿನಲ್ಲಿ ಆಗಾಗ ಕೇಳಿಬರುತ್ತದೆ. ಬರೆದ ವಾಕ್ಯದಲ್ಲಿ ಒಂದು ‘ದ’ ಬಿಟ್ಟುಹೋದರೆ, ಒಂದು ‘ಈಸ್’ ಮರೆತುಹೋದರೆ ವಿದ್ಯಾರ್ಥಿ ನಾಚಿ ತಲೆತಗ್ಗಿಸುತ್ತಾನೆ. ಮನೆಯವರು ಮಾಧ್ಯಮವನ್ನು ದೂರುತ್ತಾರೆ. ಆದರೆ ಇವೇ ತಪ್ಪುಗಳನ್ನು ಮಾಡುವ ಇನ್ನೊಂದು ದೊಡ್ಡ ಜನಸಮುದಾಯವಿದೆ. 1957ರಲ್ಲಿ ಜಗತ್ತಿನ ಮೊದಲ ಕೃತಕ ಉಪಗ್ರಹವನ್ನು ಹಾರಿಸಿದ, 1961ರಲ್ಲಿ ಯೂರಿ ಗಗಾರಿನನನ್ನು ಬಾಹ್ಯಾಕಾಶಕ್ಕೆ ಕಳುಹಿಸಿದ ನಾಡಿನ ರಷ್ಯನ್ ಭಾಷಿಕರೇ ಅವರು. ಅವರ ಮಕ್ಕಳು ಗಣಿತವನ್ನೂ ವಿಜ್ಞಾನವನ್ನೂ ತಾಯ್ನುಡಿಯಲ್ಲಿಯೇ ಕಲಿಯುತ್ತಾರೆ. ಇಂಗ್ಲಿಷನ್ನು ಒಂದು ಪರಭಾಷೆಯಾಗಿ ಕಲಿಯುತ್ತಾರೆ. ಅವರಿಗೆ ಅದು ಎಲ್ಲಿ ತೊಡಕಾಗುತ್ತದೆ, ಆ ತೊಡಕನ್ನು ಅಭ್ಯಾಸದಿಂದ ಹೇಗೆ ಬಿಡಿಸಿಕೊಳ್ಳುತ್ತಾರೆ ಎಂಬುದನ್ನು ತಿಳಿದರೆ ನಮಗೂ ಪ್ರಯೋಜನವಿದೆ.

ತಪ್ಪಿನ ಮೂಲ

ಲೆನಿನ್‌ಗ್ರಾಡಿನಲ್ಲಿ, ಎಂದರೆ ಈಗಿನ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ, ಪ್ರಾಧ್ಯಾಪಕರಾಗಿದ್ದ ಭಾಷಾಶಾಸ್ತ್ರಜ್ಞ ಲೆವ್ ಶ್ಚೆರ್ಬಾ ಅವರು 1944ರಲ್ಲಿ ತೀರಿಕೊಂಡರು. ಪರಭಾಷಾ ಬೋಧನೆಯನ್ನು ಕುರಿತ ಅವರ ಗ್ರಂಥ 1947ರಲ್ಲಿ ಪ್ರಕಟವಾಯಿತು. ಅವರ ವಿಚಾರದ ಸಾರ ಇಷ್ಟು: ಮಾತೃಭಾಷೆಯನ್ನು ತರಗತಿಯಿಂದ ಹೊರಗಟ್ಟಬಹುದು, ವಿದ್ಯಾರ್ಥಿಯ ತಲೆಯಿಂದ ಹೊರಗಟ್ಟಲಾಗದು. ಹೇಗಿದ್ದರೂ ಅದು ಅಲ್ಲಿರುವುದರಿಂದ, ಎರಡು ಭಾಷೆಗಳನ್ನು ಪಕ್ಕಪಕ್ಕದಲ್ಲಿಟ್ಟು ಹೋಲಿಸುವುದೇ ಜಾಣತನ. ಪರಭಾಷೆಯಲ್ಲಿ ನಾವು ಮಾಡುವ ತಪ್ಪುಗಳಲ್ಲಿ ಹಲವು ದಡ್ಡತನದಿಂದ ಹುಟ್ಟಿದವುಗಳಲ್ಲ. ಅವು ತಾಯ್ನುಡಿಯ ಹೆಜ್ಜೆಗುರುತುಗಳು. ಕೆಲವು ಉದಾಹರಣೆಗಳನ್ನು ನೋಡೋಣ.

ಅಕ್ಷರ ಮತ್ತು ಉಚ್ಚಾರಣೆ

ರಷ್ಯನ್ ಬಾಲಕನಿಗೆ ಮೊದಲ ಮೋಸ ಅಕ್ಷರಗಳಲ್ಲಿಯೇ ಕಾದಿರುತ್ತದೆ. ಇಂಗ್ಲಿಷಿನ ‘ಪಿ’ಯಂತೆ ಕಾಣುವ ಅಕ್ಷರ ಅವನ ಲಿಪಿಯಲ್ಲಿ ರಕಾರ, ದೊಡ್ಡ ‘ಎಚ್’ನಂತೆ ಕಾಣುವುದು ನಕಾರ, ದೊಡ್ಡ ‘ಬಿ’ಯಂತೆ ಕಾಣುವುದು ವಕಾರ. ಹೊಸ ಆಕಾರಗಳನ್ನು ಕಲಿಯುವುದಕ್ಕಿಂತ ಹಳೆಯ ಆಕಾರಕ್ಕೆ ಹೊಸ ಧ್ವನಿಯನ್ನು ಕೊಡುವುದು ಕಷ್ಟ. ನಮ್ಮ ಲಿಪಿ ಪೂರ್ತಿ ಬೇರೆಯಾದುದರಿಂದ ನಮಗೆ ಈ ಗೊಂದಲವಿಲ್ಲ.

ಇಂಗ್ಲಿಷಿನ ಹಕಾರಕ್ಕೆ ಸರಿಹೊಂದುವ ಧ್ವನಿ ರಷ್ಯನ್ನಿನಲ್ಲಿಲ್ಲ. ಆದುದರಿಂದಲೇ ನಮ್ಮ ಹಿಮಾಲಯ ಅವರಲ್ಲಿ ‘ಗಿಮಲಾಯಿ’. ಷೇಕ್ಸ್‌ಪಿಯರನ ಹ್ಯಾಮ್ಲೆಟ್ ‘ಗಾಮ್ಲೆತ್’. ಪದದ ಕೊನೆಯ ‘ದ್’ ಅವರ ನಾಲಗೆಯಲ್ಲಿ ‘ತ್’ ಆಗುತ್ತದೆ, ‘ಗ್’ ಎಂಬುದು ‘ಕ್’ ಆಗುತ್ತದೆ. ಹಾಗಾಗಿ ‘ಡಾಗ್’ ಎನ್ನಹೋಗಿ ‘ಡಾಕ್’ ಎನ್ನುತ್ತಾರೆ. ಹ್ರಸ್ವ ದೀರ್ಘಗಳಿಂದ ಅರ್ಥ ಬದಲಾಗುವ ರೂಢಿ ಅವರ ಭಾಷೆಯಲ್ಲಿಲ್ಲದ ಕಾರಣ ಹಡಗಿನ ‘ಶಿಪ್’, ಕುರಿಯ ‘ಶೀಪ್’ ಎರಡೂ ಒಂದೇ ಆಗಿಬಿಡುತ್ತವೆ. ‘ಕರಿ’ ಮತ್ತು ‘ಕರೀ’ಗಳ ವ್ಯತ್ಯಾಸವನ್ನು ಕಾಗುಣಿತದಲ್ಲಿಯೇ ಕಲಿತ ನಮಗೆ ಇದು ಸುಲಭ. ಆದರೆ ‘ವೈನ್’ ಎಂದಾಗ ಬಳ್ಳಿಯೋ ಮದ್ಯವೋ ಎಂಬ ಗೊಂದಲ ಅವರಿಗೂ ಇದೆ, ನಮಗೂ ಇದೆ. ಇಂಗ್ಲಿಷಿನ ಎರಡು ಬಗೆಯ ವಕಾರಗಳಿಗೆ ನಮ್ಮಿಬ್ಬರಲ್ಲಿಯೂ ಒಂದೇ ಅಕ್ಷರ!

ಕಾಣದ ಕ್ರಿಯಾಪದ

‘ಯಾ ಸ್ತುದ್ಯೆಂತ್’ ಎಂಬುದು ರಷ್ಯನ್ ವಾಕ್ಯ. ‘ಯಾ’ ಎಂದರೆ ನಾನು. ‘ಸ್ತುದ್ಯೆಂತ್’ ಎಂದರೆ ವಿದ್ಯಾರ್ಥಿ. ‘ನಾನು ವಿದ್ಯಾರ್ಥಿ’ ಎಂದು ಎರಡೇ ಪದಗಳಲ್ಲಿ ಮುಗಿಯುವ ನಮ್ಮ ವಾಕ್ಯದಂತೆಯೇ ಇದೂ ಇದೆಯಲ್ಲವೇ? ಇಂಗ್ಲಿಷಿನಲ್ಲಾದರೋ ‘ಐ ಆ್ಯಮ್ ಎ ಸ್ಟೂಡೆಂಟ್’ ಎಂದು ನಾಲ್ಕು ಪದಗಳು ಬೇಕು. ಹಾಗಾಗಿ ರಷ್ಯನ್ ಕಲಿಗರು ‘ಮೈ ಬ್ರದರ್ ಡಾಕ್ಟರ್’ ಎಂದು ಬರೆಯುವುದು ಸಹಜ. ಇದಕ್ಕೆ ಪರಿಹಾರ ಬಾಯಿಪಾಠವೊಂದೇ ಅಲ್ಲ. ಒಂದೊಂದು ವಾಕ್ಯವನ್ನೂ ಮೂರು ರೂಪಗಳಲ್ಲಿ ಹೇಳಿಸುತ್ತಾರೆ: ‘ಹಿ ಈಸ್ ಎ ಡಾಕ್ಟರ್’, ‘ಈಸ್ ಹಿ ಎ ಡಾಕ್ಟರ್?’, ‘ಹಿ ಈಸ್ ನಾಟ್ ಎ ಡಾಕ್ಟರ್’. ಪ್ರಶ್ನೆಯಾಗುವಾಗ ‘ಈಸ್’ ಮುಂದಕ್ಕೆ ಜಿಗಿಯಬೇಕು. ನಿಷೇಧವಾಗುವಾಗ ‘ನಾಟ್’ ಅದಕ್ಕೆ ಅಂಟಿಕೊಳ್ಳಬೇಕು. ಹೀಗೆ ಅದಕ್ಕೆ ಕೆಲಸ ಕೊಟ್ಟರೆ ಅದು ಮರೆತುಹೋಗುವುದಿಲ್ಲ.

ಒಂದು ಬೆಕ್ಕಿನ ಕತೆ

‘ಎ’, ‘ದ’ ಎಂಬ ಉಪಪದಗಳು ರಷ್ಯನ್ನಿನಲ್ಲಿಲ್ಲ. ಹಾಗೆಂದು ಅವುಗಳ ಅರ್ಥವೂ ಅಲ್ಲಿಲ್ಲವೆಂದು ತಿಳಿಯಬಾರದು. ರಷ್ಯನ್ ಭಾಷೆ ಅದನ್ನು ಪದಗಳ ಸ್ಥಾನದಿಂದ ಸೂಚಿಸಬಲ್ಲುದು. ‘ಬೆಕ್ಕು ಕೋಣೆಗೆ ಬಂತು’ ಎಂಬ ಕ್ರಮದಲ್ಲಿ ಹೇಳಿದರೆ ನಮಗೆ ಗೊತ್ತಿರುವ ಬೆಕ್ಕು. ‘ಕೋಣೆಗೆ ಬಂತು ಬೆಕ್ಕು’ ಎಂಬ ಕ್ರಮದಲ್ಲಿ ಹೇಳಿದರೆ ಯಾವುದೋ ಒಂದು ಬೆಕ್ಕು. ಕನ್ನಡದಲ್ಲಿ ನಾವು ‘ಕೋಣೆಗೆ ಒಂದು ಬೆಕ್ಕು ಬಂತು; ಆ ಬೆಕ್ಕು ಹಾಲು ಕುಡಿಯಿತು’ ಎನ್ನುತ್ತೇವೆ. ಈ ‘ಒಂದು’ ಎಂಬಲ್ಲಿ ‘ಎ’, ‘ಆ’ ಎಂಬಲ್ಲಿ ‘ದ’ ಎಂದು ಆರಂಭದಲ್ಲಿ ನೆನಪಿಟ್ಟುಕೊಳ್ಳಬಹುದು. ಎಲ್ಲ ಸಂದರ್ಭಗಳಿಗೂ ಈ ಸೂತ್ರ ಸಾಲದು. ಆದರೆ ಮೊದಲ ಮೆಟ್ಟಿಲಿಗೆ ಸಾಕು. ‘ನನ್ನ ಮಾತನ್ನು ಕೇಳುವವನಿಗೆ ಇದು ಯಾವುದೆಂದು ಗೊತ್ತಿದೆಯೇ?’ ಎಂದು ಪ್ರತಿ ನಾಮಪದದ ಮುಂದೆಯೂ ಪ್ರಶ್ನೆ ಹಾಕಿಕೊಳ್ಳುವುದೇ ಇಲ್ಲಿಯ ಅಭ್ಯಾಸ.

ವಿಭಕ್ತಿ ಮತ್ತು ಸ್ಥಾನ

ರಷ್ಯನ್ನಿನಲ್ಲಿ ಆರು ವಿಭಕ್ತಿಗಳಿವೆ. ‘ತಾಯಿ ಮಗಳನ್ನು ಪ್ರೀತಿಸುತ್ತಾಳೆ’ ಎಂದರೂ ‘ಮಗಳನ್ನು ತಾಯಿ ಪ್ರೀತಿಸುತ್ತಾಳೆ’ ಎಂದರೂ ಕನ್ನಡದಲ್ಲಿ ಪ್ರೀತಿಸುವವಳು ತಾಯಿಯೇ. ರಷ್ಯನ್ನಿನಲ್ಲಿಯೂ ಸಾಮಾನ್ಯವಾಗಿ ಹಾಗೆಯೇ. ಪ್ರತ್ಯಯವಿರುವುದರಿಂದ ಪದ ಎಲ್ಲಿದ್ದರೂ ಅರ್ಥ ಕೆಡುವುದಿಲ್ಲ. ಇಂಗ್ಲಿಷಿನ ನಾಮಪದಗಳಲ್ಲಿ ಇಂತಹ ಪ್ರತ್ಯಯಗಳು ಹೆಚ್ಚುಕಡಿಮೆ ಅಳಿದುಹೋಗಿವೆ. ಅಲ್ಲಿ ಆಸನವೇ ಅಧಿಕಾರ. ಕ್ರಿಯಾಪದದ ಮೊದಲು ಕುಳಿತವನು ಕರ್ತೃ, ಅನಂತರ ಕುಳಿತವನು ಕರ್ಮ. ಆಸನ ಬದಲಾದರೆ ಅರ್ಥ ತಲೆಕೆಳಗಾಗುತ್ತದೆ.

ಸ್ವಾಮ್ಯವನ್ನು ಹೇಳುವುದರಲ್ಲಿಯೂ ಇಂತಹುದೇ ಸಾಮ್ಯವಿದೆ. ‘ಐ ಹ್ಯಾವ್ ಎ ಬುಕ್’ ಎಂಬುದಕ್ಕೆ ರಷ್ಯನರು ‘ನನ್ನ ಬಳಿ ಪುಸ್ತಕ ಇದೆ’ ಎಂಬ ರೀತಿಯಲ್ಲಿ ಹೇಳುತ್ತಾರೆ. ‘ನನಗೆ ಚಳಿ’ ಎಂಬ ನಮ್ಮ ಚತುರ್ಥಿಯ ಪ್ರಯೋಗವೂ ಅವರಲ್ಲುಂಟು. ಆದರೆ ಲಿಂಗದ ವಿಷಯದಲ್ಲಿ ನಾವು ಅದೃಷ್ಟವಂತರು. ಅವರಿಗೆ ಮೇಜು ಪುಲ್ಲಿಂಗ, ಪುಸ್ತಕ ಸ್ತ್ರೀಲಿಂಗ, ಕಿಟಕಿ ನಪುಂಸಕಲಿಂಗ. ಆದಕಾರಣ ಮೇಜನ್ನು ‘ಹಿ’ ಎಂದು, ಪುಸ್ತಕವನ್ನು ‘ಶಿ’ ಎಂದು ಕರೆಯುವುದುಂಟು. ಅರ್ಥವನ್ನು ನೋಡಿ ಲಿಂಗವನ್ನು ನಿರ್ಣಯಿಸುವ ಕನ್ನಡಿಗನಿಗೆ ಮೂರೂ ‘ಇಟ್’ ಎಂಬುದು ತಾನಾಗಿ ತಿಳಿಯುತ್ತದೆ.

ಕಾಲಗಳಲ್ಲಿಯೂ ಇದೇ ಬಗೆ. ‘ಓದುತ್ತೇನೆ’, ‘ಓದುತ್ತಿದ್ದೇನೆ’ ಎಂಬೆರಡಕ್ಕೂ ರಷ್ಯನ್ನಿನಲ್ಲಿ ಒಂದೇ ರೂಪ. ‘ಐದು ವರ್ಷಗಳಿಂದ ಇಲ್ಲಿದ್ದೇನೆ’ ಎನ್ನಲು ರಷ್ಯನನು ‘ಐ ಲಿವ್ ಹಿಯರ್ ಫೈವ್ ಇಯರ್ಸ್’ ಎನ್ನುತ್ತಾನೆ. ನಮ್ಮವನು ‘ಐ ಆ್ಯಮ್ ಲಿವಿಂಗ್ ಹಿಯರ್ ಸಿನ್ಸ್ ಫೈವ್ ಇಯರ್ಸ್’ ಎನ್ನುತ್ತಾನೆ. ಸರಿಯಾದುದು ‘ಐ ಹ್ಯಾವ್ ಲಿವ್ಡ್ ಹಿಯರ್ ಫಾರ್ ಫೈವ್ ಇಯರ್ಸ್’. ತಪ್ಪಿದ್ದು ಇಬ್ಬರೂ, ಆದರೆ ಇಬ್ಬರೂ ತಮ್ಮ ತಮ್ಮ ದಾರಿಯಲ್ಲಿ ತಪ್ಪಿದರು.

ಓದು ಮತ್ತು ಅಭ್ಯಾಸ

ನಟಾಲ್ಯಾ ಬೋಂಕ್ ಅವರು ಸಹೋದ್ಯೋಗಿಗಳೊಡನೆ ರಚಿಸಿದ ಪಠ್ಯಪುಸ್ತಕದಿಂದ ಹಲವು ತಲೆಮಾರಿನ ರಷ್ಯನರು ಇಂಗ್ಲಿಷ್ ಕಲಿತಿದ್ದಾರೆ. ಅದರ ಕ್ರಮ ಸರಳ: ಚಿಕ್ಕ ಪಾಠ, ರಷ್ಯನ್ನಿನಲ್ಲಿಯೇ ವ್ಯಾಕರಣದ ವಿವರಣೆ, ಬಳಿಕ ರಾಶಿ ರಾಶಿ ಅಭ್ಯಾಸಗಳು. ರಷ್ಯನ್ನಿನಿಂದ ಇಂಗ್ಲಿಷಿಗೆ ಭಾಷಾಂತರ ಅವುಗಳಲ್ಲಿ ಮುಖ್ಯವಾದುದು.

ಇದನ್ನು ನಾವೂ ಮನೆಯಲ್ಲಿ ಮಾಡಿ ನೋಡಬಹುದು. ಇಗೋ ನಾಲ್ಕು ವಾಕ್ಯಗಳು: ‘ದಿಸ್ ಈಸ್ ಎ ರೂಮ್. ದ ರೂಮ್ ಈಸ್ ಸ್ಮಾಲ್. ಐ ಹ್ಯಾವ್ ಎ ಟೇಬಲ್. ಮೈ ಬುಕ್ ಈಸ್ ಆನ್ ದ ಟೇಬಲ್.’ ಇವನ್ನು ಇಂದು ಕನ್ನಡಕ್ಕೆ ತಿರುಗಿಸಿ. ಮೂಲವನ್ನು ಮುಚ್ಚಿಟ್ಟು ನಾಳೆ ನಿಮ್ಮ ಕನ್ನಡವನ್ನು ನೋಡಿ ಪುನಃ ಇಂಗ್ಲಿಷಿಗೆ ತನ್ನಿ. ಬಳಿಕ ಎರಡನ್ನೂ ಜೊತೆಗಿಟ್ಟು ನೋಡಿ. ಮೂಲದಲ್ಲಿ ‘ಈಸ್’ ಮೂರು ಸಲ, ಉಪಪದಗಳು ನಾಲ್ಕು ಸಲ ಬಂದಿವೆ. ಈ ಏಳರಲ್ಲಿ ನಿಮ್ಮ ಕೈಯಿಂದ ಎಷ್ಟು ಜಾರಿದವು? ಜಾರಿದವನ್ನು ಕೆಂಪು ಶಾಯಿಯಲ್ಲಿ ಬರೆದಿಡಿ. ತಿಂಗಳೊಂದು ಕಳೆದರೆ ಆ ಪಟ್ಟಿಯೇ ನಿಮಗೆ ಅಧ್ಯಾಪಕನಾಗುತ್ತದೆ.

ಓದುವುದರಲ್ಲಿ ಎರಡು ಬಗೆಗಳನ್ನು ಶ್ಚೆರ್ಬಾ ಗುರುತಿಸಿದ್ದರು. ಒಂದೊಂದು ಪದವನ್ನೂ ಪ್ರತ್ಯಯವನ್ನೂ ಬಿಡಿಸಿ ನೋಡುತ್ತಾ ನಿಧಾನವಾಗಿ ಓದುವುದು ಒಂದು. ನಿಘಂಟಿನ ಹಂಗಿಲ್ಲದೆ ಅರ್ಥದ ಬೆನ್ನು ಹಿಡಿದು ಓದಿಕೊಂಡು ಹೋಗುವುದು ಇನ್ನೊಂದು. ಎರಡೂ ಬೇಕು. ದಿನಕ್ಕೆ ಐದು ಸಾಲುಗಳನ್ನು ಮೊದಲ ಬಗೆಯಲ್ಲಿ, ಸುಲಭವಾದ ಕತೆಯ ಎರಡು ಪುಟಗಳನ್ನು ಎರಡನೆಯ ಬಗೆಯಲ್ಲಿ ಓದಿ, ಪುಸ್ತಕ ಮುಚ್ಚಿ ನಿಮ್ಮದೇ ಮಾತಿನಲ್ಲಿ ಕತೆಯನ್ನು ಹೇಳಿಕೊಳ್ಳಿ.

ವಿದ್ಯಾರ್ಥಿ ಮಿತ್ರರೇ, ಇಷ್ಟನ್ನೆಲ್ಲ ಹೇಳಿದುದರ ಉದ್ದೇಶವೊಂದೇ. ವಿಭಕ್ತಿ, ಲಿಂಗ, ಕರ್ತೃ, ಕರ್ಮ ಎಂಬ ಮಾತುಗಳನ್ನು ಬಳಸಿಯೇ ಮೇಲಿನ ತೊಡಕುಗಳನ್ನು ವಿವರಿಸಬೇಕಾಯಿತು. ಈ ಮಾತುಗಳನ್ನು ನಿಮಗೆ ಕಲಿಸಿದುದು ಇಂಗ್ಲಿಷ್ ಪಾಠವಲ್ಲ, ಕನ್ನಡ ವ್ಯಾಕರಣದ ಪಾಠ. ಮಲೆಯಾಳ, ತುಳು, ಕೊಂಕಣಿಗಳ ನಡುವೆ ಬೆಳೆಯುವ ನಮ್ಮ ಮಕ್ಕಳಿಗೆ ಹೋಲಿಸಿ ನೋಡುವ ಅಭ್ಯಾಸ ಹುಟ್ಟಿನಿಂದಲೇ ಬಂದಿದೆ. ಇಂಗ್ಲಿಷಿನ ಆಸೆಗಾಗಿ ಕನ್ನಡವನ್ನು ಕೈಬಿಟ್ಟರೆ ಬಟ್ಟೆ ಅಳೆಯಹೊರಟವನು ಅಳತೆಗೋಲನ್ನು ಎಸೆದಂತಾದೀತು. ನಿಮ್ಮ ಮುಂದಿನ ತಪ್ಪಿಗೆ ನಾಚಬೇಡಿ; ಅದು ಕನ್ನಡದ ಯಾವ ನಿಯಮದಿಂದ ಬಂತೆಂದು ಹುಡುಕಿ. ಕಾರಣ ಸಿಕ್ಕಿದ ದಿನ ಆ ತಪ್ಪನ್ನು ತಿದ್ದಿಕೊಳ್ಳುವ ಕೆಲಸ ಅರ್ಧ ಮುಗಿದಂತೆ.