ಎಳೆಗೂಸಿನ ಅಳು, ಹೊಟ್ಟೆಯ ವಾಯು, ತಾಯಿಯ ನಿದ್ರೆ

ತೊಟ್ಟಿಲು ಕಟ್ಟಿದ ಮನೆಯಲ್ಲಿ ಹರ್ಷದ ಜೊತೆಗೆ ಜಾಗರಣೆಯೂ ಇರುತ್ತದೆ. ಕಲಬುರಗಿ ನಗರದ ಬಡಾವಣೆಗಳಿಂದ ಹಿಡಿದು ಕಮಲಾಪುರ ತಾಲ್ಲೂಕಿನ ಹಳ್ಳಿಗಳವರೆಗೆ, ಶ್ರೀಮಠದ ದರ್ಶನಕ್ಕೆ ಬರುವ ಎಳೆಯ ತಾಯಂದಿರಲ್ಲಿ ಅನೇಕರು ಒಂದೇ ಮಾತನ್ನು ಹೇಳಿಕೊಳ್ಳುತ್ತಾರೆ. ಹಗಲೆಲ್ಲ ಚೆನ್ನಾಗಿರುವ ಕೂಸು ದೀಪ ಹಚ್ಚುವ ಹೊತ್ತಿಗೆ ರಚ್ಚೆ ಹಿಡಿಯುತ್ತದೆ. ಮುಖ ಕೆಂಪೇರಿಸಿ, ಮುಷ್ಟಿ ಬಿಗಿದು, ಕಾಲುಗಳನ್ನು ಹೊಟ್ಟೆಯತ್ತ ಎಳೆದುಕೊಂಡು ಅಳುತ್ತದೆ. ಹಾಲು ಕೊಟ್ಟರೂ ನಿಲ್ಲದು, ತೂಗಿದರೂ ಮಲಗದು. ಮನೆಯ ಹಿರಿಯರು ಒಬ್ಬರು ದೃಷ್ಟಿ ಎನ್ನುತ್ತಾರೆ, ಇನ್ನೊಬ್ಬರು ವಾಯು ಎನ್ನುತ್ತಾರೆ, ಮತ್ತೊಬ್ಬರು ತಾಯಿಯ ಹಾಲೇ ಸರಿಯಿಲ್ಲ ಎಂದುಬಿಡುತ್ತಾರೆ. ಈ ಮೂರನೆಯ ಮಾತು ಬಾಣಂತಿಯ ಮನಸ್ಸನ್ನು ಎಷ್ಟು ಇರಿಯುತ್ತದೆ ಎಂಬುದನ್ನು ಕೇಳಿದವರು ಮಾತ್ರ ಬಲ್ಲರು. ಆದ್ದರಿಂದ ಈ ಸಂಚಿಕೆಯಲ್ಲಿ ಎಳೆಗೂಸಿನ ಅಳು ಮತ್ತು ನಿದ್ರೆಯ ಕುರಿತು ವಿವರವಾಗಿ ನೋಡೋಣ.

ಅಳುವಿಗೂ ಒಂದು ಕಾಲಮಾನವುಂಟು

ಆರೋಗ್ಯವಾಗಿರುವ ಶಿಶುವಿನ ಅಳು ಸಾಮಾನ್ಯವಾಗಿ ಎರಡನೆಯ ವಾರದಿಂದ ಏರುತ್ತ ಹೋಗಿ, ಆರನೆಯ ವಾರದ ಸುಮಾರಿಗೆ ತುದಿ ಮುಟ್ಟಿ, ಮೂರು ನಾಲ್ಕು ತಿಂಗಳು ತುಂಬುವ ವೇಳೆಗೆ ತಾನಾಗಿ ಇಳಿಯುತ್ತದೆ. 1962ರಲ್ಲಿ ಅಮೆರಿಕದ ಮಕ್ಕಳ ವೈದ್ಯ ಬ್ರೇಜಲ್‌ಟನ್ ಅವರು 80 ಶಿಶುಗಳ ಅಳುವನ್ನು ತಾಯಂದಿರಿಂದ ಬರೆಸಿಟ್ಟು ನೋಡಿದಾಗ, ಆರು ವಾರದ ಕೂಸುಗಳು ದಿನಕ್ಕೆ ಸರಾಸರಿ ಎರಡು ಮುಕ್ಕಾಲು ಗಂಟೆ ಅಳುತ್ತಿದ್ದುದು ಕಂಡುಬಂದಿತು. ಅದಕ್ಕೂ ಮೊದಲು, 1954ರಲ್ಲಿ, ವೆಸೆಲ್ ಮತ್ತು ಸಂಗಡಿಗರು ಒಂದು ಅಳತೆಗೋಲನ್ನು ಕೊಟ್ಟಿದ್ದರು: ದಿನಕ್ಕೆ ಮೂರು ಗಂಟೆಗೂ ಹೆಚ್ಚು, ವಾರದಲ್ಲಿ ಮೂರು ದಿನಕ್ಕೂ ಹೆಚ್ಚು, ಮೂರು ವಾರಕ್ಕೂ ಮೇಲ್ಪಟ್ಟು, ಬೇರೆ ಕಾರಣವಿಲ್ಲದೆ ಅಳುವ ಆರೋಗ್ಯವಂತ ಶಿಶುವಿಗೆ ಇರುವುದು ‘ಕೋಲಿಕ್’. ಎದೆಹಾಲು ಕುಡಿಯುವ ಕೂಸಿಗೂ ಬಾಟಲಿ ಹಾಲಿನ ಕೂಸಿಗೂ ಇದು ಬರುತ್ತದೆ. ತಾಯಿಯ ತಪ್ಪು ಇದರಲ್ಲಿ ಏನೂ ಇಲ್ಲ.

ವಾಯುವಿನ ಪಾತ್ರವೆಷ್ಟು? ಕೂಸು ಹಾಲಿನೊಡನೆ ಗಾಳಿಯನ್ನೂ ನುಂಗುತ್ತದೆ. ಅಳುವಾಗ ಇನ್ನಷ್ಟು ನುಂಗುತ್ತದೆ. ಹೊಟ್ಟೆ ಉಬ್ಬುತ್ತದೆ, ಮತ್ತೆ ಅಳುತ್ತದೆ. ಹೀಗೆ ವಾಯು ಎಷ್ಟೋ ಬಾರಿ ಅಳುವಿನ ಫಲವಾಗಿರುತ್ತದೆ. ಮುಕ್ಕಿರಿದು ಕೆಂಪಾದರೂ ಮಲ ಮೆತ್ತಗಿದ್ದರೆ ಅದು ಮಲಬದ್ಧತೆಯಲ್ಲ. ಹೊಟ್ಟೆಯನ್ನು ಒತ್ತುತ್ತಲೇ ಕೆಳಗೆ ಸಡಿಲಿಸುವುದನ್ನು ಕೂಸು ಇನ್ನೂ ಕಲಿಯುತ್ತಿರುತ್ತದೆ. ಎದೆಹಾಲಿನ ಶಿಶು ದಿನಕ್ಕೆ ಹಲವು ಬಾರಿ ಮಲ ವಿಸರ್ಜಿಸಬಹುದು. ಒಂದು ತಿಂಗಳು ದಾಟಿದ ಮೇಲೆ ಕೆಲವು ದಿನಕ್ಕೊಮ್ಮೆ ಮಾತ್ರವೂ ಆಗಬಹುದು.

ನಿದ್ರೆಯ ವಿಷಯವೂ ಹೀಗೆಯೇ. ನವಜಾತ ಶಿಶು ದಿನಕ್ಕೆ 14ರಿಂದ 17 ಗಂಟೆ ಮಲಗುತ್ತದೆ, ಆದರೆ ತುಂಡು ತುಂಡಾಗಿ. ಅದರ ಹೊಟ್ಟೆ ಚಿಕ್ಕದು, ಎರಡು ಮೂರು ಗಂಟೆಗೊಮ್ಮೆ ಹಾಲು ಬೇಕು. ಹಗಲಿರುಳಿನ ಭೇದ ಅದಕ್ಕೆ ತಿಳಿಯತೊಡಗುವುದು ಎರಡು ಮೂರು ತಿಂಗಳಾದ ಮೇಲೆ. ಹಗಲಿನಲ್ಲಿ ಬೆಳಕು ಮತ್ತು ಮನೆಯ ಸದ್ದು ಇರಲಿ. ರಾತ್ರಿ ಹಾಲೂಡಿಸುವಾಗ ಮಂದ ಬೆಳಕು ಮತ್ತು ಮೌನವಿರಲಿ. ಬಾಣಂತಿಯ ಕೋಣೆಯನ್ನು ಹಗಲಿನಲ್ಲೂ ಕತ್ತಲಾಗಿಟ್ಟರೆ ಕೂಸು ಈ ಭೇದವನ್ನು ಕಲಿಯುವುದೆಂತು?

ಔಷಧಕ್ಕಿಂತ ಮೊದಲು ಆರೈಕೆ

ಮೊದಲನೆಯದು ಹಾಲೂಡಿಸುವ ರೀತಿ. ಮೊಲೆತೊಟ್ಟಷ್ಟೇ ಅಲ್ಲದೆ ಅದರ ಸುತ್ತಲಿನ ಕಪ್ಪು ಭಾಗದ ಬಹುಪಾಲು ಕೂಸಿನ ಬಾಯೊಳಗಿರಬೇಕು. ಬಾಯಿ ಅಗಲವಾಗಿ ತೆರೆದಿರಬೇಕು, ಗದ್ದ ಎದೆಗೆ ತಾಗಿರಬೇಕು. ಚಪ್ಪರಿಸುವ ಸದ್ದು ಬರುತ್ತಿದ್ದರೆ ಗಾಳಿ ಒಳಹೋಗುತ್ತಿದೆ ಎಂದು ತಿಳಿಯಬೇಕು. ಒಂದು ಎದೆಯನ್ನು ಪೂರ್ಣವಾಗಿ ಕುಡಿದ ಮೇಲೆ ಇನ್ನೊಂದಕ್ಕೆ ಹಾಕಿಕೊಳ್ಳಬೇಕು. ಕೊನೆಯ ಹಾಲಿನಲ್ಲಿ ಕೊಬ್ಬು ಹೆಚ್ಚು, ಕೂಸಿಗೆ ತೃಪ್ತಿ ಹೆಚ್ಚು.

ಎರಡನೆಯದು ತೇಗು. ಹಾಲು ಕುಡಿದ ಕೂಸನ್ನು ಹೆಗಲಿಗೆ ನೆಟ್ಟಗೆ ಒರಗಿಸಿ, ಕತ್ತಿಗೆ ಆಸರೆ ಕೊಟ್ಟು, ಹತ್ತು ನಿಮಿಷ ಬೆನ್ನನ್ನು ಮೆಲ್ಲಗೆ ತಟ್ಟಬೇಕು. ತೇಗು ಬಾರದಿದ್ದರೂ ಚಿಂತೆಯಿಲ್ಲ, ಒತ್ತಾಯ ಬೇಡ.

ಮೂರನೆಯದು ಸ್ಪರ್ಶ. ಹಾಲು ಕುಡಿದು ಅರ್ಧ ಗಂಟೆಯಾದ ಮೇಲೆ ಅಂಗಾತ ಮಲಗಿಸಿ, ಬೆಚ್ಚಗಿನ ಕೈಗೆ ತುಸು ಕೊಬ್ಬರಿ ಎಣ್ಣೆ ಸವರಿಕೊಂಡು, ಗಡಿಯಾರದ ಮುಳ್ಳು ತಿರುಗುವಂತೆ ಹೊಕ್ಕುಳಿನ ಸುತ್ತ ಹಗುರವಾಗಿ ಸವರಬೇಕು. ಹೊಕ್ಕುಳ ಬಳ್ಳಿ ಬಿದ್ದು ಒಣಗುವವರೆಗೆ ಇದನ್ನು ಮಾಡಬಾರದು. ಎರಡೂ ಕಾಲುಗಳನ್ನು ಸೈಕಲ್ ತುಳಿಯುವಂತೆ ನಿಧಾನವಾಗಿ ಆಡಿಸಿ, ಮೊಣಕಾಲನ್ನು ಹೊಟ್ಟೆಗೆ ತಾಗಿಸಿ ಬಿಡಬೇಕು. ಎಚ್ಚರವಿದ್ದಾಗ, ದೊಡ್ಡವರ ಕಣ್ಣೆದುರಿನಲ್ಲಿ, ಮುಂಗೈ ಮೇಲೆ ಬೋರಲಾಗಿ ಹಿಡಿದು ಅಡ್ಡಾಡಿಸಿದರೂ ಹೊಟ್ಟೆಗೆ ಹಿತವಾಗುತ್ತದೆ. ಬರಿಯೆದೆಗೆ ಅಪ್ಪಿಕೊಂಡು ಜೋಗುಳ ಹಾಡುವುದು, ಒಂದೇ ಲಯದಲ್ಲಿ ತೂಗುವುದು, ‘ಶ್’ ಎಂಬ ಏಕನಾದ ಇವೆಲ್ಲ ಗರ್ಭದೊಳಗಿನ ಅನುಭವವನ್ನು ನೆನಪಿಸಿ ಕೂಸನ್ನು ಸಂತೈಸುತ್ತವೆ. ಈ ಭಾಗದ ಅಜ್ಜಿಯರಿಗೆ ಈ ವಿದ್ಯೆಯನ್ನು ಯಾರೂ ಕಲಿಸಬೇಕಾಗಿಲ್ಲ.

ನಾಲ್ಕನೆಯದು ಹೊದಿಕೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಕಲಬುರಗಿಯ ಬಿಸಿಲಿನಲ್ಲಿಯೂ ಕುಂಚಿಗೆ, ಕುಲಾವಿ, ಕೌದಿಗಳಲ್ಲಿ ಕೂಸನ್ನು ಸುತ್ತಿ, ಪಕ್ಕದಲ್ಲಿ ಕೆಂಡದ ಅಗ್ಗಿಷ್ಟಿಕೆ ಇಟ್ಟು, ಧೂಪದ ಹೊಗೆ ತುಂಬುವ ಮನೆಗಳಿವೆ. ಆ ಕೂಸು ವಾಯುವಿಗಾಗಿ ಅಳುತ್ತಿಲ್ಲ, ಸೆಕೆಗಾಗಿ ಅಳುತ್ತಿದೆ. ಹಿಂಗತ್ತು ಬೆವತಿದ್ದರೆ ಬಟ್ಟೆ ಕಡಿಮೆ ಮಾಡಬೇಕು. ಮಲಗಿಸುವಾಗ ಸದಾ ಅಂಗಾತ ಮಲಗಿಸಬೇಕು. ಮುಖದ ಬಳಿ ದಿಂಬು, ಮೆತ್ತನೆಯ ಬಟ್ಟೆ, ಕೊರಳಿಗೆ ಸುತ್ತಿಕೊಳ್ಳಬಹುದಾದ ಉದ್ದನೆಯ ದಾರ ಇರಬಾರದು.

ಒಳಲೆಯಲ್ಲಿ ಏನಿರಬಾರದು

ಆರು ತಿಂಗಳವರೆಗೆ ಎದೆಹಾಲಲ್ಲದೆ ಬೇರೇನೂ ಬೇಡವೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ವೈದ್ಯರು ಬರೆದುಕೊಟ್ಟ ಔಷಧಿ, ಹನಿಗಳು ಮಾತ್ರ ಇದಕ್ಕೆ ಹೊರತು. ವೈಶಾಖದ ಬಿಸಿಲಿನಲ್ಲಿಯೂ ನೀರು ಬೇಕಾಗದು, ಎದೆಹಾಲಿನಲ್ಲಿ ನೂರಕ್ಕೆ 87ರಷ್ಟು ನೀರೇ ಇದೆ. ಸಾಣೆಕಲ್ಲಿನಲ್ಲಿ ಬಜೆ, ಅಳಲೆಕಾಯಿ, ಜಾಯಿಕಾಯಿ ತೇಯ್ದು ಒಳಲೆಯಲ್ಲಿ ಕುಡಿಸುವುದು ನಮ್ಮಲ್ಲಿ ಹಳೆಯ ವಾಡಿಕೆ. ಹಿರಿಯರ ಪ್ರೀತಿ ಅದರಲ್ಲಿದೆ ಎಂಬುದನ್ನು ನಾವು ಬಲ್ಲೆವು. ಆದರೆ ಎಷ್ಟು ತೇಯ್ದರೆ ಎಷ್ಟು ಸಾರ ಇಳಿಯುತ್ತದೆ ಎಂಬ ಅಳತೆ ಯಾರಿಗೂ ಇಲ್ಲ. ಕಲ್ಲು ಮತ್ತು ನೀರಿನ ಕೊಳೆ ಕರುಳಿಗೆ ಸೇರುತ್ತದೆ. ಜಾಯಿಕಾಯಿ ಅಥವಾ ಗಸಗಸೆಯಿಂದ ಮಂಕಾಗಿ ಬೀಳುವ ಕೂಸಿನದು ನಿದ್ರೆಯಲ್ಲ, ನಂಜಿನ ಮತ್ತು. ಜೇನುತುಪ್ಪವನ್ನು ಒಂದು ವರ್ಷ ತುಂಬುವವರೆಗೆ ನೆಕ್ಕಿಸಬಾರದು. ಅದರಲ್ಲಿರಬಹುದಾದ ಸೂಕ್ಷ್ಮಾಣು ಕೂಸಿನ ಸ್ನಾಯುಗಳನ್ನೇ ನಿಶ್ಚೇಷ್ಟಗೊಳಿಸಬಲ್ಲದು. ಮೂಗಿಗೆ ಎಣ್ಣೆ ಬಿಡಬಾರದು, ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಹೊಟ್ಟೆಗೆ ಬರೆ ಎಳೆಯುವುದಂತೂ ಸುಟ್ಟಗಾಯ, ಸೋಂಕು, ಕೆಲವೊಮ್ಮೆ ಸಾವಿಗೆ ದಾರಿ. ಅದನ್ನು ಯಾವ ಕಾರಣಕ್ಕೂ ಮಾಡಬಾರದು.

ಗ್ರೈಪ್ ವಾಟರ್ ಇಲ್ಲದ ಬಾಣಂತಿಯ ಮನೆ ಅಪರೂಪ. 1851ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ವಿಲಿಯಂ ವುಡ್‌ವರ್ಡ್ ಇದನ್ನು ತಯಾರಿಸಿದಾಗ ಅದರಲ್ಲಿ ಸಬ್ಬಸಿಗೆ ಎಣ್ಣೆ, ಸೋಡಾ, ಸಕ್ಕರೆಗಳ ಜೊತೆಗೆ ಮದ್ಯಸಾರವೂ ಇತ್ತು. ಈಗಿನವುಗಳಲ್ಲಿ ಮದ್ಯಸಾರವಿಲ್ಲ, ಆದರೆ ಅಳುವನ್ನು ನಿಲ್ಲಿಸುತ್ತದೆ ಎಂಬುದಕ್ಕೆ ಗಟ್ಟಿಯಾದ ಪ್ರಮಾಣವೂ ಇಲ್ಲ. ಇನ್ನೂ ಎಚ್ಚರ ಬೇಕಾದುದು ಅಂಗಡಿಯಲ್ಲಿ ಕೇಳಿ ತರುವ ‘ಹೊಟ್ಟೆನೋವಿನ ಹನಿ’ಗಳ ವಿಷಯದಲ್ಲಿ. ಅವುಗಳಲ್ಲಿ ಕೆಲವಕ್ಕೆ ಡೈಸೈಕ್ಲೋಮಿನ್ ಎಂಬ ಔಷಧಿ ಸೇರಿರುತ್ತದೆ. ಆರು ತಿಂಗಳೊಳಗಿನ ಶಿಶುವಿನ ಉಸಿರಾಟವನ್ನೇ ಅದು ತಡೆಯಬಲ್ಲದು, ಆದ್ದರಿಂದ ಆ ವಯಸ್ಸಿಗೆ ಅದು ನಿಷಿದ್ಧ. ಶೀಶೆಯ ಮೇಲಿನ ಹೆಸರನ್ನು ಓದದೆ, ವೈದ್ಯರನ್ನು ಕೇಳದೆ ಒಂದು ಹನಿಯನ್ನೂ ಹಾಕಬಾರದು.

ಬಾಣಂತಿಯ ತಟ್ಟೆ

ಕೂಸಿಗೆ ವಾಯುವಾಗುತ್ತದೆಂದು ಬಾಣಂತಿಗೆ ಬೇಳೆ, ಸೊಪ್ಪು, ಹಣ್ಣು, ಕೊನೆಗೆ ನೀರನ್ನೂ ಅಳೆದು ಕೊಡುವ ಪದ್ಧತಿ ಇನ್ನೂ ಅಳಿದಿಲ್ಲ. ತಾಯಿಯ ಕರುಳಿನಲ್ಲಿ ಹುಟ್ಟಿದ ವಾಯು ಹಾಲಿಗೆ ಇಳಿಯುವುದಿಲ್ಲ. ಹಾಲು ತಯಾರಾಗುವುದು ರಕ್ತದಲ್ಲಿನ ಸಾರದಿಂದ. ಭೌಗೋಳಿಕ ಸೂಚಿ ಮಾನ್ಯತೆ ಪಡೆದ ಕಮಲಾಪುರದ ಕೆಂಪು ಬಾಳೆಯನ್ನು ಊರೂರಿಗೆ ಕಳುಹಿಸುವ ಸೀಮೆಯಲ್ಲಿಯೇ, ‘ಶೀತ’ವೆಂದು ಬಾಣಂತಿಗೆ ಮಾತ್ರ ಬಾಳೆಹಣ್ಣು ಕೊಡದ ಮನೆಗಳುಂಟು. ಅವಳಿಗೆ ರೊಟ್ಟಿ, ಬೇಳೆ, ಸೊಪ್ಪು, ಹಣ್ಣು, ಬಾಯಾರಿದಷ್ಟು ನೀರು ಎಲ್ಲವೂ ಬೇಕು. ಕೂಸಿನ ಮಲದಲ್ಲಿ ರಕ್ತ, ಮೈಮೇಲೆ ಗಂದೆ ಕಂಡುಬಂದಾಗ ಹಸುವಿನ ಹಾಲಿನ ಪ್ರೋಟೀನ್ ಒಗ್ಗದಿರುವ ಸಂಭವವಿರುತ್ತದೆ. ಆಗ ತಾಯಿ ಏನನ್ನು ಬಿಡಬೇಕೆಂದು ವೈದ್ಯರು ಹೇಳಲಿ.

ತಡಮಾಡಬಾರದ ಲಕ್ಷಣಗಳು

ದಿನಕ್ಕೆ ಆರು ಬಾರಿಗಿಂತ ಹೆಚ್ಚು ಮೂತ್ರ ಮಾಡುತ್ತ, ಎರಡು ವಾರದೊಳಗೆ ಹುಟ್ಟುತೂಕಕ್ಕೆ ಮರಳಿ, ಅನಂತರ ದಿನಕ್ಕೆ 20ರಿಂದ 30 ಗ್ರಾಂ ತೂಕ ಏರುತ್ತಿರುವ ಕೂಸು ಸಂಜೆ ಎಷ್ಟೇ ಅತ್ತರೂ ಸಾಮಾನ್ಯವಾಗಿ ಭಯಪಡಬೇಕಾಗಿಲ್ಲ. ಆದರೆ ಮೈ 38 ಡಿಗ್ರಿ ಸೆಲ್ಸಿಯಸ್ (100.4 ಫ್ಯಾರನ್‌ಹೀಟ್) ಮುಟ್ಟಿದರೆ ಅಥವಾ ತಣ್ಣಗಾದರೆ, ಹಾಲು ಕುಡಿಯುವುದನ್ನು ಬಿಟ್ಟರೆ, ಹಸಿರು ವಾಂತಿಯಾದರೆ, ಹೊಟ್ಟೆ ಉಬ್ಬಿ ಬಿಗಿಯಾದರೆ, ಮಲದಲ್ಲಿ ರಕ್ತ ಕಂಡರೆ, ತೊಡೆಸಂದಿಯಲ್ಲಿ ಗಂಟು ಕಂಡರೆ, ನಿಮಿಷಕ್ಕೆ 60ಕ್ಕೂ ಮೇಲ್ಪಟ್ಟು ಉಸಿರಾಡಿದರೆ, ಫಿಟ್ಸ್ ಬಂದರೆ, ಎಬ್ಬಿಸಿದರೂ ಏಳದಂತೆ ಮಂಕಾದರೆ ಬೆಳಗಿನವರೆಗೆ ಕಾಯಬಾರದು. ಅಳು ಇದ್ದಕ್ಕಿದ್ದಂತೆ ಶುರುವಾಗಿದ್ದರೆ ಕಾಲ್ಬೆರಳು, ಕೈಬೆರಳಿಗೆ ಕೂದಲು ಸುತ್ತಿಕೊಂಡಿದೆಯೇ ಎಂದೂ ನೋಡಬೇಕು.

ಕಮಲಾಪುರದವರಿಗೆ ಹುಮನಾಬಾದ್ ಹೆದ್ದಾರಿ ಹಿಡಿದರೆ ಕಲಬುರಗಿಯ ಜಿಮ್ಸ್ ಜಿಲ್ಲಾ ಆಸ್ಪತ್ರೆ ದೂರವಲ್ಲ. 108ಕ್ಕೆ ಕರೆ ಮಾಡಿದರೆ ಆಂಬುಲೆನ್ಸ್ ಬರುತ್ತದೆ. ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರಕಾರಿ ಆಸ್ಪತ್ರೆಗಳಲ್ಲಿ ಅಸ್ವಸ್ಥ ಶಿಶುವಿನ ಚಿಕಿತ್ಸೆ ಉಚಿತ. ಆಸ್ಪತ್ರೆಯಲ್ಲಿ ಹೆರಿಗೆಯಾದ ತಾಯಿಯ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೆಯ ದಿನ ಬರಬೇಕೆಂಬ ನಿಯಮವಿದೆ. ಕೊನೆಯ ಭೇಟಿ ಅಳು ತುದಿ ಮುಟ್ಟುವ ಕಾಲಕ್ಕೇ ಸರಿಯಾಗಿ ಬೀಳುತ್ತದೆ. ಆ ತಾಯಿಯನ್ನು ಬಾಗಿಲಲ್ಲೇ ಕಳುಹಿಸದೆ, ಒಳಗೆ ಕರೆದು ಕೂಸಿನ ತೂಕ ನೋಡಿಸಿ, ಮನಸ್ಸಿನಲ್ಲಿರುವುದನ್ನು ಕೇಳಬೇಕು.

ಬಾಣಂತಿಯ ಸೇವೆಯೂ ದಾಸೋಹ

ಹನ್ನೆರಡನೆಯ ಶತಮಾನದ ಶರಣರು ಐದು ಸೂತಕಗಳನ್ನು ನಿರಾಕರಿಸಿದರು. ಅವುಗಳಲ್ಲಿ ಜನನಸೂತಕವೂ ಒಂದು. ಹೆತ್ತವಳನ್ನು ಮುಟ್ಟಬಾರದು, ಹುಟ್ಟಿದ ಕೂಸು ಮೈಲಿಗೆ ಎಂಬ ಮಾತಿಗೆ ಲಿಂಗವಂತರ ಮನೆಯಲ್ಲಿ ಸ್ಥಾನವಿಲ್ಲ. ಹಾಗಿರುವಾಗ ರಾತ್ರಿಯಿಡೀ ಅಳುವ ಕೂಸಿನೊಡನೆ ಅವಳೊಬ್ಬಳನ್ನೇ ಮೂಲೆಯ ಕೋಣೆಯಲ್ಲಿ ಬಿಟ್ಟು, ಉಳಿದವರು ಬಾಗಿಲು ಹಾಕಿಕೊಂಡು ಮಲಗುವುದು ಯಾವ ಧರ್ಮ? ಹಾಲು ಕೊಡುವುದು ತಾಯಿಯಿಂದ ಮಾತ್ರ ಸಾಧ್ಯ. ತೇಗಿಸುವುದು, ಎತ್ತಿ ಅಡ್ಡಾಡಿಸುವುದು, ಬಟ್ಟೆ ಬದಲಿಸುವುದು ತಂದೆಯಿಂದಲೂ ಅಜ್ಜನಿಂದಲೂ ಸಾಧ್ಯ. ಅದೂ ಕಾಯಕವೇ. ಸಂಜೆ ಎರಡು ತಾಸು ಮನೆಯವರು ಸರದಿಯಂತೆ ಕೂಸನ್ನು ಹೊತ್ತರೆ, ಬಾಣಂತಿಗೆ ಎರಡು ತಾಸು ನಿದ್ರೆ ದಕ್ಕುತ್ತದೆ.

ಸಹನೆ ಮೀರಿ ಕೈ ನಡುಗತೊಡಗಿದರೆ ಕೂಸನ್ನು ಅಂಗಾತವಾಗಿ ಸುರಕ್ಷಿತವಾಗಿ ಮಲಗಿಸಿ, ಹೊರಗೆ ಬಂದು ಐದು ನಿಮಿಷ ಉಸಿರೆಳೆದುಕೊಳ್ಳಬೇಕು. ಅಷ್ಟರಿಂದ ಕೂಸಿಗೆ ಏನೂ ಆಗದು. ಸಿಟ್ಟಿನಲ್ಲಿ ಹಿಡಿದು ಅಲುಗಾಡಿಸಿದರೆ ಮಿದುಳಿನೊಳಗೆ ರಕ್ತ ಒಸರಿ ಜೀವಕ್ಕೇ ಸಂಚಕಾರ ಬರುತ್ತದೆ. ತಾಯಿಗೆ ಎರಡು ವಾರ ಮೀರಿ ದುಃಖ ಹೋಗದಿದ್ದರೆ, ಕೂಸು ಮಲಗಿದಾಗಲೂ ನಿದ್ರೆ ಬಾರದಿದ್ದರೆ, ಬದುಕು ಬೇಡವೆನಿಸಿದರೆ ಅದು ಸೋಮಾರಿತನವೂ ಅಲ್ಲ, ಗಾಳಿಸೋಂಕೂ ಅಲ್ಲ. ಚಿಕಿತ್ಸೆಯಿಂದ ಗುಣವಾಗುವ ಕಾಯಿಲೆ. ವೈದ್ಯರ ಬಳಿ ಕರೆದೊಯ್ಯಬೇಕು. ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಹಗಲಿರುಳು ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ಮಹಾದಾಸೋಹಿ ಶರಣಬಸವೇಶ್ವರರ ಹೆಸರಿನಿಂದ ಕಲಬುರಗಿ ನಾಡಿಗೆಲ್ಲ ಪರಿಚಿತ. ಹಸಿದವರಿಗೆ ಅನ್ನವಿಡುವುದು ದಾಸೋಹವಾದಂತೆ, ದಣಿದ ತಾಯಿಯ ಕೈಯಿಂದ ಅಳುವ ಕೂಸನ್ನು ಎತ್ತಿಕೊಂಡು ‘ನೀನು ಸ್ವಲ್ಪ ಮಲಗವ್ವಾ’ ಎನ್ನುವುದೂ ದಾಸೋಹವೇ. ಅಳುವಿನ ಕಾಲ ಮೂರು ತಿಂಗಳಲ್ಲಿ ಕಳೆಯುತ್ತದೆ. ಆ ಮೂರು ತಿಂಗಳು ಅವಳ ಜೊತೆಗೆ ನಿಲ್ಲುವುದು ಮನೆಮಂದಿಯೆಲ್ಲರ ಹೊಣೆ.